ವಿಳಾಸದಲ್ಲಿ ಉಳಿದ ಇಂಡಸ್ಟ್ರಿಯಲ್ ಟೌನ್

ನಮ್ಮ ಮನೆಗೆ ಬರುವ ಕೆಲವು ಕಾಗದಪತ್ರಗಳ ಮೇಲೆ ಇಂದಿಗೂ 'ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್' ಎಂದು ಅಚ್ಚಾಗಿರುತ್ತದೆ. ಕಳೆದ ತಿಂಗಳು ಪಾರ್ಸೆಲ್ ತಂದ ಹುಡುಗ ಗೇಟಿನ ಬಳಿ ನಿಂತು, "ಇಂಡಸ್ಟ್ರಿಯಲ್ ಟೌನ್ ಅಂತ ಇದೆಯಲ್ಲ ಸರ್, ಫ್ಯಾಕ್ಟರಿ ಎಲ್ಲಿದೆ?" ಎಂದು ಕೇಳಿದ. ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದ ಅಪ್ಪ ತಲೆಯೆತ್ತಿ, "ನೀನು ನಿಂತಿರೋ ಜಾಗದಿಂದ ಎತ್ತ ಕಡೆ ನಡೆದರೂ ಇತ್ತಪ್ಪ" ಎಂದರು. ಹುಡುಗ ನಕ್ಕು ಹೊರಟುಹೋದ. ಅಪ್ಪ ಹೇಳಿದ ಮಾತು ಮಾತ್ರ ಬಹಳ ದಿನ ನನ್ನ ಮನಸ್ಸಿನಲ್ಲಿ ಉಳಿಯಿತು. ಅವರು ಈ ಪ್ರದೇಶದ ಒಂದು ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಇಪ್ಪತ್ತಾರು ವರ್ಷ ದುಡಿದವರು. ಈಗ ಅದೇ ಜಾಗದಲ್ಲಿ ಮನೆಗಳು ಎದ್ದಿವೆ.

ಬೆಂಗಳೂರಿನ ಪಶ್ಚಿಮ ಭಾಗದ ಬಗ್ಗೆ, ಅಂದರೆ ಬಿನ್ನಿಪೇಟೆ ಮತ್ತು ಮಾಗಡಿ ರಸ್ತೆಯಿಂದ ಹಿಡಿದು ಮಲ್ಲೇಶ್ವರದ ಅಂಚು, ರಾಜಾಜಿನಗರ, ಯಶವಂತಪುರದವರೆಗಿನ ಪಟ್ಟಿಯ ಬಗ್ಗೆ ಮಾತನಾಡುವಾಗ, 'ಕೈಗಾರಿಕಾ ಪ್ರದೇಶವಾಗಿತ್ತು, ಕಾಲಕ್ರಮೇಣ ವಸತಿ ಪ್ರದೇಶವಾಯಿತು' ಎಂದು ಎಲ್ಲರೂ ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ನಿಜವೆಂದು ನನಗೆ ಅನ್ನಿಸುತ್ತದೆ. ಇದು ಮೊದಲಿನಿಂದಲೂ ಜನ ಬದುಕಿದ್ದ ಪ್ರದೇಶವೇ ಆಗಿತ್ತು. ಕಾರ್ಖಾನೆಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಮನೆ ಮಾಡಿಕೊಂಡು, ಮಕ್ಕಳನ್ನು ಓದಿಸಿ, ಹಬ್ಬ ಮಾಡಿ, ಚೀಟಿ ಹಾಕಿ, ಸಾಲ ತೀರಿಸಿ ಬಾಳಿದವರ ಊರಾಗಿತ್ತು. ಕಾರ್ಖಾನೆ ಹೋಗಿ ಮನೆ ಬಂದಿತು ಎನ್ನುವುದಕ್ಕಿಂತ, ಒಂದು ಬಗೆಯ ವಾಸ ಹೋಗಿ ಇನ್ನೊಂದು ಬಗೆಯ ವಾಸ ಬಂದಿತು ಎನ್ನುವುದು ಹೆಚ್ಚು ಸರಿ. ಇದು ಹೇಗೆ ನಡೆಯಿತು ಎಂಬುದನ್ನು ನಾನು ಕಂಡಷ್ಟು, ತಿಳಿದಷ್ಟು ಇಲ್ಲಿ ಬರೆದಿಡುತ್ತಿದ್ದೇನೆ.

ಎಲ್ಲಕ್ಕೂ ಮೊದಲು ಬಂದದ್ದು ರೈಲು. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೋಗುವ ಹಳಿ 1880ರ ದಶಕದ ಆರಂಭದಲ್ಲಿ ಸಿದ್ಧವಾಯಿತು, 1884ರಲ್ಲಿ ತುಮಕೂರಿನ ಕಡೆಯ ಹಳಿಯೂ ತೆರೆಯಿತು. ಹತ್ತಿಯ ಮೂಟೆಗಳನ್ನು ತರಲು, ನೂಲು ಮತ್ತು ಬಟ್ಟೆಯನ್ನು ಹೊರಗೆ ಕಳಿಸಲು ಹಳಿ ಬೇಕು. ಉಗಿಯ ಬಾಯ್ಲರುಗಳಿಗೆ ನೀರು ಬೇಕು. ಊರಿನ ಹೊರಗೆ ಅಗ್ಗದ ಬಯಲು ಬೇಕು. ಈ ಮೂರೂ ಅಂದಿನ ಪೇಟೆಯ ಪಶ್ಚಿಮದಲ್ಲಿ ಒಟ್ಟಿಗೆ ಸಿಕ್ಕವು. 1884ರಲ್ಲಿ ಆರಂಭವಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎರಡು ವರ್ಷಗಳಲ್ಲಿ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದಿತು, ಜನ ಅದನ್ನು 'ಬಿನ್ನಿ ಮಿಲ್' ಎಂದೇ ಕರೆದರು. ಅದೇ ದಶಕದಲ್ಲಿ ಮಲ್ಲೇಶ್ವರದ ತಗ್ಗಿನಲ್ಲಿ ಹಳಿಯ ಪಕ್ಕಕ್ಕೇ ಎದ್ದ ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಜನರ ಬಾಯಲ್ಲಿ 'ರಾಜಾ ಮಿಲ್' ಆಯಿತು. ಮುಂದೆ ಮಾಗಡಿ ರಸ್ತೆಯ ಕಡೆಗೆ ಮಿನರ್ವಾ ಮಿಲ್ ಬಂದಿತು. ಮಲ್ಲೇಶ್ವರವನ್ನು ನಾವು ಇಂದು ಹಳೆಯ, ಶಾಂತವಾದ, ಸಂಪಿಗೆ ಮರಗಳ ಬಡಾವಣೆಯೆಂದು ನೆನೆಯುತ್ತೇವೆ. ಆದರೆ 1890ರ ದಶಕದಲ್ಲಿ ಆ ಬಡಾವಣೆಯನ್ನು ಅಳೆದು ಹಾಕುವ ಹೊತ್ತಿಗೆ ಅದರ ಮಗ್ಗುಲಲ್ಲಿ ಮಿಲ್ಲಿನ ಚಿಮಣಿ ಆಗಲೇ ಹೊಗೆಯಾಡುತ್ತಿತ್ತು ಎಂಬುದನ್ನು ಮರೆಯುತ್ತೇವೆ.

ಮಿಲ್ಲುಗಳು ಬಂದಲ್ಲಿ ಮನೆಗಳೂ ಬಂದವು. ಶ್ರೀರಾಮಪುರ, ಓಕಳಿಪುರ, ಬಿನ್ನಿಪೇಟೆ, ಕಾಟನ್‌ಪೇಟೆ ಇವೆಲ್ಲ ಮಿಲ್ಲಿನ ಪಾಳಿಗೆ ತಕ್ಕಂತೆ ಏಳುತ್ತಿದ್ದ, ಮಲಗುತ್ತಿದ್ದ ಕೇರಿಗಳು. ಸುತ್ತಲಿನ ಹಳ್ಳಿಗಳಿಂದಲೂ ತಮಿಳು, ತೆಲುಗು ಸೀಮೆಗಳಿಂದಲೂ ಬಂದ ಕುಟುಂಬಗಳು ವಠಾರಗಳಲ್ಲಿ ನೆಲೆಸಿದವು. ಒಂದು ಬಾಗಿಲು, ಒಳಗೆ ಉದ್ದಕ್ಕೆ ಸಾಲಾಗಿ ಆರೋ ಎಂಟೋ ಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದೋ ಎರಡೋ ಕಕ್ಕಸು. ಇಂಥ ವಠಾರದಲ್ಲಿಯೇ ನಾನು ಹತ್ತು ವರ್ಷ ಬೆಳೆದೆ. ಅಲ್ಲಿ ಒಬ್ಬರ ಮನೆಯ ಸಾರಿನ ಒಗ್ಗರಣೆ ಎಲ್ಲರ ಮೂಗಿಗೂ ಮುಟ್ಟುತ್ತಿತ್ತು, ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗಿದ್ದರೆ ಮಕ್ಕಳೆಲ್ಲ ಸದ್ದು ಮಾಡದೆ ಬೀದಿಗೆ ಹೋಗಿ ಆಡಬೇಕಿತ್ತು. ಅಂಥ ಬಾಳಿನಲ್ಲಿ ಕಷ್ಟವೂ ಇಕ್ಕಟ್ಟೂ ಧಾರಾಳವಾಗಿದ್ದವು. ಅದನ್ನು ಸುಂದರವೆಂದು ಬಣ್ಣಿಸುವ ಆಸೆ ನನಗಿಲ್ಲ. ಆದರೆ ಅದು ನೆಲೆಯಾಗಿತ್ತು, ಬಾಡಿಗೆ ಕೈಗೆಟುಕುತ್ತಿತ್ತು, ಕೆಲಸಕ್ಕೆ ಬಸ್ಸಿನ ಹಂಗಿಲ್ಲದೆ ಹೋಗಬಹುದಿತ್ತು.

ಎರಡನೆಯ ಅಲೆ ವಿದ್ಯುತ್ತಿನೊಂದಿಗೆ ಬಂದಿತು. ಶಿವನಸಮುದ್ರದ ವಿದ್ಯುತ್ 1905ರಲ್ಲಿ ಬೆಂಗಳೂರಿಗೆ ತಲುಪಿದ ಮೇಲೆ ಕಾರ್ಖಾನೆಗೆ ಉಗಿ ಯಂತ್ರವೇ ಬೇಕೆಂಬ ಕಟ್ಟು ಸಡಿಲವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಮೊದಲ ಮಹಾಯುದ್ಧದಿಂದಾಗಿ ಗಂಧದ ಮರದ ರಫ್ತು ಯುರೋಪಿಗೆ ನಿಂತುಹೋದಾಗ, ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಕೆಲಸ 1916ರಲ್ಲಿ ಆರಂಭವಾಯಿತು, ಅದರ ಬೆನ್ನಿಗೇ ಸರ್ಕಾರಿ ಸಾಬೂನು ಕಾರ್ಖಾನೆಯೂ ಬಂದಿತು. ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ, 1936ರಲ್ಲಿ, ಬಲ್ಬು ತಯಾರಿಸುವ ಮೈಸೂರು ಲ್ಯಾಂಪ್ಸ್ ಹುಟ್ಟಿತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬಂದಿತು. ಇಂಥ ಕಾರ್ಖಾನೆಗಳು ಯಶವಂತಪುರ–ಮಲ್ಲೇಶ್ವರದ ಅಂಚಿನ ಬಯಲುಗಳನ್ನು ಒಂದೊಂದಾಗಿ ತುಂಬುತ್ತ ಬಂದವು.

ಮೂರನೆಯದು ರಾಜಾಜಿನಗರ. ಇದರ ಸಂಗತಿ ಬೇರೆಯೇ ಆದದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಮಿಲ್ಲುಗಳ ಸುತ್ತ ಮನೆಗಳು ತಾವಾಗಿ ಹುಟ್ಟಿಕೊಂಡಿದ್ದವು, ಆದರೆ ಕಾರ್ಖಾನೆ ಮತ್ತು ಮನೆಗಳನ್ನು ಒಟ್ಟಿಗೇ ಯೋಜಿಸಿ ಒಂದು ಕೈಗಾರಿಕಾ ಉಪನಗರವನ್ನು ಕಟ್ಟಬೇಕೆಂಬ ಆಲೋಚನೆಯಿಂದ ಹುಟ್ಟಿದ್ದು ರಾಜಾಜಿನಗರ. ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು 1949ರಲ್ಲಿ ಇದಕ್ಕೆ ಅಡಿಗಲ್ಲಿಟ್ಟರು, ಅವರ ಹೆಸರೇ ಊರಿಗೆ ನಿಂತಿತು. ಒಂದು ಕಡೆ ಕಾರ್ಖಾನೆಗಳಿಗೆ ದೊಡ್ಡ ನಿವೇಶನ, ಸಣ್ಣ ಉದ್ದಿಮೆದಾರರಿಗೆ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡುಗಳು, ಮತ್ತೊಂದು ಕಡೆ ಬ್ಲಾಕುಗಳಾಗಿ ವಿಂಗಡಿಸಿದ ಮನೆಯ ಸೈಟುಗಳು. ಸಾಬೂನು ಕಾರ್ಖಾನೆ 1957ರಲ್ಲಿ ಇಲ್ಲಿಗೇ ಸ್ಥಳಾಂತರವಾಯಿತು. ಕಾರ್ಮಿಕರ ವಿಮಾ ಯೋಜನೆಯ ದೊಡ್ಡ ಆಸ್ಪತ್ರೆ, ನಾವು ಇಎಸ್‌ಐ ಆಸ್ಪತ್ರೆ ಎಂದು ಕರೆಯುವುದು, ರಾಜಾಜಿನಗರದ ನಡುವೆ ನಿಂತಿರುವುದು ಆಕಸ್ಮಿಕವಲ್ಲ. ವಿಮೆಯ ಚೀಟಿ ಹಿಡಿದವರು ಅದರ ಸುತ್ತಲೇ ವಾಸವಾಗಿದ್ದರು. ಇಂದು ಒಂದು ಪ್ರದೇಶದ ಕೈಗಾರಿಕಾ ಚರಿತ್ರೆಯನ್ನು ಹುಡುಕುವವರು ಚಿಮಣಿಯನ್ನೇ ಹುಡುಕಬೇಕಾಗಿಲ್ಲ, ಆಸ್ಪತ್ರೆ ಯಾವುದು, ಅದನ್ನು ಯಾರಿಗಾಗಿ ಕಟ್ಟಿದರು ಎಂದು ಕೇಳಿದರೂ ಸಾಕು.

ನನ್ನ ಬಾಲ್ಯದಲ್ಲಿ ಹೊತ್ತನ್ನು ತಿಳಿಸುತ್ತಿದ್ದುದು ಗಡಿಯಾರಕ್ಕಿಂತ ಹೆಚ್ಚಾಗಿ ಸೈರನ್. ಒಂದೊಂದು ಕಾರ್ಖಾನೆಯ ಸೈರನ್ನಿಗೂ ಒಂದೊಂದು ದನಿಯಿತ್ತು, ಅಮ್ಮ ಅದನ್ನು ಕೇಳಿಯೇ ಒಲೆಯ ಮೇಲೆ ಅನ್ನಕ್ಕಿಡುತ್ತಿದ್ದರು. ನಮ್ಮ ಬೀದಿಯ ತಿರುವಿನ ಹೋಟೆಲಿನಲ್ಲಿ ಮೊದಲ ಪಾಳಿಯವರಿಗಾಗಿ ಬೆಳಗಿನ ಐದಕ್ಕೇ ಇಡ್ಲಿ ಪಾತ್ರೆ ಒಲೆಗೆ ಏರುತ್ತಿತ್ತು. ಐದೂವರೆಯಿಂದ ಆರರವರೆಗೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಆರೂ ಕಾಲಿಗೆ ಹೋದರೆ ಒರೆಸಿದ ಮೇಜುಗಳು ಮಾತ್ರ ಕಾಣುತ್ತಿದ್ದವು. ಮಧ್ಯಾಹ್ನ ಎರಡರ ಹೊತ್ತಿಗೆ ಮತ್ತೆ ಒಂದು ಅಲೆ, ರಾತ್ರಿ ಹತ್ತರ ಹೊತ್ತಿಗೆ ಇನ್ನೊಂದು. ಸಂಬಳದ ದಿನ ಗೇಟಿನ ಎದುರು ಬಟ್ಟೆ, ಪಾತ್ರೆ, ಹೂವು ಮಾರುವವರ ಸಂತೆಯೇ ನೆರೆಯುತ್ತಿತ್ತು. ಗಾಳಿ ಯಶವಂತಪುರದ ಕಡೆಯಿಂದ ಬೀಸಿದರೆ ಸಾಬೂನು ಕಾರ್ಖಾನೆಯ ಗಂಧದ ವಾಸನೆ ಶಾಲೆಯ ಕೊಠಡಿಯೊಳಗೂ ಬರುತ್ತಿತ್ತು.

ಇಂಥ ಪ್ರದೇಶದ ಅವಸಾನ ಒಂದು ದಿನದಲ್ಲಿ ಆಗಲಿಲ್ಲ. ಅದಕ್ಕೆ ಕಾರಣಗಳು ಹಲವು, ಅವು ಒಂದರ ಮೇಲೊಂದು ಕೂಡುತ್ತ ಹೋದವು. ಹಳೆಯ ಯಂತ್ರಗಳ ಮಿಲ್ಲುಗಳು ಪವರ್‌ಲೂಮಿನ ಅಗ್ಗದ ಬಟ್ಟೆಯ ಎದುರು ನಿಲ್ಲಲಾರದೆ ಹೋದವು. ರೋಗಗ್ರಸ್ತ ಜವಳಿ ಗಿರಣಿಗಳನ್ನು ಕೇಂದ್ರ ಸರ್ಕಾರ 1974ರ ಕಾಯ್ದೆಯ ಮೂಲಕ ರಾಷ್ಟ್ರೀಕರಣ ಮಾಡಿದಾಗ ನಮ್ಮ ಮಿನರ್ವಾ ಮಿಲ್ ಕೂಡ ಆ ಪಟ್ಟಿಯಲ್ಲಿತ್ತು. ಅದನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟ್ 1980ರಲ್ಲಿ, ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೂ ಮಿತಿಯಿದೆ, ಆ ಮಿತಿಯೇ ಸಂವಿಧಾನದ ಮೂಲ ಸ್ವರೂಪದ ಒಂದು ಭಾಗ ಎಂದು ತೀರ್ಪಿತ್ತಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ 'ಮಿನರ್ವಾ ಮಿಲ್ಸ್' ಎಂಬ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಆ ಮಿಲ್ಲು ಮಾಗಡಿ ರಸ್ತೆಯ ಬಳಿ ಇತ್ತು, ಅಲ್ಲಿ ನೂಲು ತೆಗೆದವರ ಮೊಮ್ಮಕ್ಕಳು ಇಂದಿಗೂ ಆಸುಪಾಸಿನ ಬೀದಿಗಳಲ್ಲಿ ಇದ್ದಾರೆ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕೆಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಎಂಬತ್ತರ ದಶಕದಿಂದಾಚೆಗೆ ಕಾರ್ಖಾನೆಯೊಂದು ಬದುಕಿರುವುದಕ್ಕೂ ಸಾಯುವುದಕ್ಕೂ ನಡುವೆ ಒಂದು ದೀರ್ಘವಾದ ಮಬ್ಬು ಕಾಲ ಹುಟ್ಟಿಕೊಂಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯನ್ನು ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. ನಷ್ಟದಲ್ಲಿರುವ ಕಂಪನಿಗಳ ಕಡತಗಳು 1985ರ ಕಾಯ್ದೆಯಡಿ ಸ್ಥಾಪನೆಯಾದ ಪುನಶ್ಚೇತನ ಮಂಡಳಿಯ ಮುಂದೆ ವರ್ಷಗಟ್ಟಲೆ ಕೂರುತ್ತಿದ್ದವು. ಜೊತೆಗೆ 1976ರ ನಗರ ಭೂಮಿತಿ ಕಾಯ್ದೆಯಿಂದಾಗಿ ನಗರದೊಳಗಿನ ಹೆಚ್ಚುವರಿ ಖಾಲಿ ಜಮೀನನ್ನು ಇಟ್ಟುಕೊಳ್ಳುವುದೂ ಮಾರುವುದೂ ಸುಲಭವಿರಲಿಲ್ಲ. ಆದ್ದರಿಂದ ಕಾರ್ಖಾನೆ ನಡೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ, ಜಮೀನು ಇನ್ನೊಂದು ಕೆಲಸಕ್ಕೆ ಬರುವುದೂ ಇಲ್ಲ. 1999ರಲ್ಲಿ ಭೂಮಿತಿ ಕಾಯ್ದೆ ರದ್ದಾಯಿತು. ಅಷ್ಟರಲ್ಲಿ ಸಾಫ್ಟ್‌ವೇರ್ ಉದ್ಯಮದಿಂದಾಗಿ ಬೆಂಗಳೂರಿನ ಜಮೀನಿನ ಬೆಲೆ ಏರತೊಡಗಿತ್ತು. ಯಂತ್ರಗಳಿಗಿಂತ ಅವು ನಿಂತಿರುವ ನೆಲವೇ ಹೆಚ್ಚು ಬೆಲೆ ಬಾಳುತ್ತದೆ ಎಂದು ಮಾಲೀಕರಿಗೂ ಗೊತ್ತಾಯಿತು, ಕಾರ್ಮಿಕರಿಗೂ ಗೊತ್ತಾಯಿತು. ಇದು ತಿಳಿದ ಮೇಲೆ ಹಳೆಯ ಯಂತ್ರಕ್ಕೆ ಹೊಸ ಬೇರಿಂಗು ಹಾಕಿಸುವ ಮನಸ್ಸು ಯಾರಿಗೂ ಬರುವುದಿಲ್ಲವೆಂದು ಅಪ್ಪ ಹೇಳುತ್ತಿದ್ದರು.

ನಮ್ಮ ಮನೆಯಲ್ಲಿ ಆ ಮಬ್ಬು ಕಾಲ ಏಳು ವರ್ಷ ನಡೆಯಿತು. ಮೊದಲು ಮೂರು ಪಾಳಿ ಎರಡಾಯಿತು, ಆಮೇಲೆ ಒಂದಾಯಿತು. ಸಂಬಳ ತಿಂಗಳ ಏಳನೆಯ ತಾರೀಕಿನಿಂದ ಹದಿನೈದಕ್ಕೆ, ಅಲ್ಲಿಂದ ತಿಂಗಳ ಕೊನೆಗೆ ಜಾರಿತು. ಬಳಿಕ ಒಂದು ದಿನ ಗೇಟಿಗೆ ನೋಟಿಸು ಅಂಟಿಸಿದರು. ಅಪ್ಪ ಆಮೇಲೆಯೂ ಎರಡು ತಿಂಗಳು ಟಿಫನ್ ಕ್ಯಾರಿಯರ್ ಹಿಡಿದು ಬೆಳಿಗ್ಗೆ ಗೇಟಿನವರೆಗೆ ಹೋಗಿ, ಅಲ್ಲಿ ಕೂತ ಜೊತೆಗಾರರೊಂದಿಗೆ ಊಟ ಮಾಡಿ ಬರುತ್ತಿದ್ದರು. ಗ್ರ್ಯಾಚುಯಿಟಿಯೂ ಬಾಕಿ ಸಂಬಳವೂ ಕೈಸೇರುವಷ್ಟರಲ್ಲಿ ನನ್ನ ಕಾಲೇಜು ಮುಗಿದಿತ್ತು. ಇದನ್ನು ನಾನು ದೂರು ಹೇಳಲೆಂದು ಬರೆಯುತ್ತಿಲ್ಲ. ಈ ಕಾಯುವಿಕೆಯ ವರ್ಷಗಳಲ್ಲಿಯೇ ಊರಿನ ನಿಜವಾದ ಬದಲಾವಣೆ ನಡೆಯಿತು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ಹೇಗೆಂದರೆ, ಗೋಡೆ ಬೀಳುವುದಕ್ಕಿಂತ ಮೊದಲೇ ಜನ ಹೊರಟರು. ನಮ್ಮ ವಠಾರದ ಎಂಟು ಮನೆಗಳಲ್ಲಿ ಐದು ಕುಟುಂಬಗಳು ಆ ಏಳು ವರ್ಷಗಳಲ್ಲಿ ಲಗ್ಗೆರೆ, ಸುಂಕದಕಟ್ಟೆ, ಹೇರೋಹಳ್ಳಿಗಳ ಕಡೆಗೆ ಹೋದವು, ಏಕೆಂದರೆ ಅಲ್ಲಿ ಬಾಡಿಗೆ ಕಡಿಮೆಯಿತ್ತು, ಪೀಣ್ಯದ ಸಣ್ಣ ಕಾರ್ಖಾನೆಗಳೂ ಗಾರ್ಮೆಂಟ್ಸ್ ಕಾರ್ಖಾನೆಗಳೂ ಹತ್ತಿರವಿದ್ದವು. ಕಾಯಂ ನೌಕರಿಯಲ್ಲಿದ್ದ ಗಂಡಸಿನ ಸಂಬಳ ನಿಂತು, ಹೆಂಡತಿಯೂ ಮಗಳೂ ಹೊಲಿಗೆ ಯಂತ್ರದ ಮುಂದೆ ಕೂತು ಮನೆ ನಡೆಸುವ ಕಾಲ ಬಂದಿತು. ಸ್ವಂತ ಸೈಟಿದ್ದವರು ಅರ್ಧವನ್ನು ಮಾರಿ ಉಳಿದರ್ಧದಲ್ಲಿ ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟರು. ಮುಂದೆ ಬಹುಮಹಡಿ ಕಟ್ಟಡಗಳು ಎದ್ದು ಹೊಸ ನಿವಾಸಿಗಳು ಬಂದಾಗ, 'ಇಲ್ಲಿ ಮೊದಲು ಯಾರೂ ಇರಲಿಲ್ಲ, ಬರೀ ಪಾಳುಬಿದ್ದ ಕಾರ್ಖಾನೆ ಇತ್ತು' ಎಂದು ಅವರಿಗೆ ಅನ್ನಿಸಿದ್ದರೆ ಅದು ಅವರ ತಪ್ಪಲ್ಲ. ಅವರು ಕಂಡದ್ದು ಹಾಗೆಯೇ ಇತ್ತು.

ದೊಡ್ಡ ಜಮೀನುಗಳ ಕಥೆ ಎಲ್ಲರಿಗೂ ಗೊತ್ತು. ರಾಜಾ ಮಿಲ್ಲಿದ್ದ ಜಾಗದಲ್ಲಿ ಮಂತ್ರಿ ಸ್ಕ್ವೇರ್ ಮಾಲ್ 2010ರಲ್ಲಿ ತೆರೆಯಿತು. ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಸುಮಾರು 40 ಎಕರೆಯಲ್ಲಿ ಬ್ರಿಗೇಡ್ ಗೇಟ್‌ವೇ ಬಂದಿತು: ಸಾವಿರಕ್ಕೂ ಹೆಚ್ಚು ಫ್ಲ್ಯಾಟುಗಳು, ಕಚೇರಿಗಳ ಗೋಪುರ, ಹೋಟೆಲು, ಆಸ್ಪತ್ರೆ, ಶಾಲೆ, ಒರಾಯನ್ ಮಾಲ್, ನಡುವೆ ಒಂದು ಕೆರೆ. ಬಿನ್ನಿ ಮಿಲ್ಲಿನ ನೆಲದಲ್ಲಿ ಖಾಸಗಿ ಅಪಾರ್ಟ್‌ಮೆಂಟುಗಳ ಜೊತೆಗೆ ಪೊಲೀಸರ ವಸತಿಗೃಹಗಳೂ ಎದ್ದವು. 2014ರಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ, 2015ರಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೊ ಓಡತೊಡಗಿದ ಮೇಲೆ ಉಳಿದ ಜಮೀನುಗಳ ಬೆಲೆ ಇನ್ನೂ ಏರಿತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಭೂ ಉಪಯೋಗದ ಬದಲಾವಣೆಗೆ ಅವಕಾಶವಿದೆ. ನಕ್ಷೆಯಲ್ಲಿ ಕೈಗಾರಿಕೆಯ ನೇರಳೆ ಬಣ್ಣದಲ್ಲಿದ್ದ ಜಾಗ ವಸತಿಯ ಹಳದಿಗೋ ವಾಣಿಜ್ಯದ ನೀಲಿಗೋ ತಿರುಗುವುದು ಆ ದಾರಿಯಲ್ಲೇ.

ಸಣ್ಣ ಶೆಡ್ಡುಗಳ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಊರಿನ ಸ್ವರೂಪವನ್ನು ಮಾಲ್‌ಗಳಿಗಿಂತ ಹೆಚ್ಚಾಗಿ ಬದಲಿಸಿದ್ದು ಅವೇ. ನಮ್ಮ ಬೀದಿಯ ಹಿಂದಿರುವ ಒಂದು ಶೆಡ್ಡನ್ನು ನಾನು ನಲವತ್ತು ವರ್ಷದಿಂದ ನೋಡುತ್ತ ಬಂದಿದ್ದೇನೆ. ಮೊದಲು ಅಲ್ಲಿ ನಾಲ್ಕು ಲೇತು, ಎರಡು ಡ್ರಿಲ್ಲಿಂಗ್ ಯಂತ್ರ, ಹನ್ನೆರಡು ಜನ ಕೆಲಸಗಾರರು; ದೊಡ್ಡ ಕಾರ್ಖಾನೆಗೆ ಬುಷ್ಷು, ಪಿನ್ನು ಮಾಡಿಕೊಡುತ್ತಿದ್ದರು. ದೊಡ್ಡ ಕಾರ್ಖಾನೆ ನಿಂತ ಮೇಲೆ ಆರ್ಡರು ನಿಂತಿತು, ಮಾಲೀಕರು ಯಂತ್ರಗಳನ್ನು ಪೀಣ್ಯಕ್ಕೆ ಸಾಗಿಸಿ ಶೆಡ್ಡನ್ನು ಗೋದಾಮಿಗೆ ಬಾಡಿಗೆ ಕೊಟ್ಟರು. ಹಗಲು ಲಾರಿಗಳಿಗೆ ನಿರ್ಬಂಧ ಬಂದ ಮೇಲೆ ಗೋದಾಮೂ ಹೊರಟಿತು. ಆಮೇಲೆ ಅದು ಕೆಲವು ವರ್ಷ ಮದುವೆ ಛತ್ರವಾಯಿತು. ಶೆಡ್ಡಿನ ತಗಡಿನ ಮಾಡಿಗೆ ಕೆಳಗಿನಿಂದ ಬಿಳಿ ಬಟ್ಟೆ ಕಟ್ಟಿ, ಕ್ರೇನು ಓಡುತ್ತಿದ್ದ ಕಬ್ಬಿಣದ ತೊಲೆಗೆ ಹೂವಿನ ಮಾಲೆ ಇಳಿಬಿಡುತ್ತಿದ್ದರು. ನನ್ನ ಚಿಕ್ಕಪ್ಪನ ಮಗಳ ಮದುವೆ ಅಲ್ಲಿಯೇ ಆಯಿತು. ಅನಂತರ ಸೋಫಾ ಅಂಗಡಿ, ಕಾರು ತೊಳೆಯುವ ಜಾಗ, ಜಿಮ್. ಮಾಲೀಕರು ತೀರಿಕೊಂಡ ಮೇಲೆ ಮಕ್ಕಳು ಪಾಲು ಮಾಡಿಕೊಳ್ಳಬೇಕಾಗಿ ಬಂದು, ಜಂಟಿ ಅಭಿವೃದ್ಧಿಗೆ ಬಿಲ್ಡರ್ ಒಬ್ಬರಿಗೆ ಕೊಟ್ಟರು. ಈಗ ಅಲ್ಲಿ ನಾಲ್ಕು ಅಂತಸ್ತಿನ ಹದಿನಾರು ಫ್ಲ್ಯಾಟುಗಳಿವೆ. ಕಾರ್ಖಾನೆಯಿಂದ ನೇರವಾಗಿ ಮನೆಗೆ ಹಾರಿದ ಶೆಡ್ಡನ್ನು ನಾನು ಒಂದನ್ನೂ ಕಂಡಿಲ್ಲ. ಗೋದಾಮು, ಛತ್ರ, ಷೋರೂಮುಗಳ ಮೆಟ್ಟಿಲು ಹತ್ತಿಯೇ ಅವು ಅಲ್ಲಿಗೆ ತಲುಪುತ್ತವೆ. ಪ್ರತಿ ಮೆಟ್ಟಿಲಿನಲ್ಲೂ ಅಲ್ಲಿ ದುಡಿಯುವವರ ಸಂಖ್ಯೆ ಕಡಿಮೆಯಾಗುತ್ತ ಹೋಗುತ್ತದೆ.

ನೆಲಕ್ಕೆ ನೆನಪಿದೆ ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಮಿಲ್ಲಿನ ಆವರಣ ಎಂದರೆ ಸುತ್ತಲೂ ಎತ್ತರದ ಗೋಡೆ, ಒಂದೋ ಎರಡೋ ಗೇಟು. ಹತ್ತಿ, ಯಂತ್ರ, ಸರಕು ಕಳುವಾಗದಿರಲಿ ಎಂದು ಕಟ್ಟಿದ ಗೋಡೆ ಅದು. ಮಿಲ್ಲು ಹೋದರೂ ಆ ಗೋಡೆಯ ಗೆರೆ ಹೋಗಲಿಲ್ಲ, ಅದೇ ಗೆರೆಯ ಮೇಲೆ ಅಪಾರ್ಟ್‌ಮೆಂಟಿನ ಕಾಂಪೌಂಡು ಎದ್ದಿತು. ಆದ್ದರಿಂದ ನೂರು ವರ್ಷದ ಹಿಂದೆ ಮಿಲ್ಲನ್ನು ಬಳಸಿಕೊಂಡು ಹೋಗುತ್ತಿದ್ದ ಬೀದಿ ಇಂದಿಗೂ ಬಳಸಿಕೊಂಡೇ ಹೋಗುತ್ತದೆ. ಮಿಲ್ಲನ್ನು ಕೆಡವಿದಾಗ ಒಂದೆರಡು ಸಾರ್ವಜನಿಕ ರಸ್ತೆಗಳನ್ನು ಒಳಗೆ ಹಾಯಿಸಿದ್ದರೆ ಆಚೆಯ ಕೇರಿಯ ಮಕ್ಕಳಿಗೆ ಶಾಲೆ ಐದು ನಿಮಿಷದ ದಾರಿಯಾಗುತ್ತಿತ್ತು. ನೀರಿನ ವಿಷಯವೂ ಹೀಗೆಯೇ. ಹಗಲು ಕೆಲಸ ಮಾಡಿ ಮನೆಗೆ ಹೋಗುವ ಎಂಟುನೂರು ಜನರಿಗೆಂದು ಹಾಕಿದ ಒಳಚರಂಡಿ, ಹಗಲೂ ರಾತ್ರಿಯೂ ಅಲ್ಲಿಯೇ ಇರುವ ಮೂರು ಸಾವಿರ ಜನರನ್ನು ತಾಳುವುದಿಲ್ಲ. ಈ ಪಟ್ಟಿಯ ಬಹುಪಾಲು ನೀರು ಹರಿದು ಸೇರುವುದು ವೃಷಭಾವತಿ ನದಿಯ ಕಣಿವೆಗೆ. ಮೊದಲು ಅದರಲ್ಲಿ ಬಣ್ಣದ ನೀರು, ಲೋಹಕ್ಕೆ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಗಳ ಆಮ್ಲ ಹರಿಯುತ್ತಿತ್ತು, ಈಗ ಮನೆಗಳ ಕೊಳಚೆ ಹರಿಯುತ್ತದೆ. ಯಂತ್ರದ ಎಣ್ಣೆ, ಸೀಸ, ಕ್ರೋಮಿಯಂ ದಶಕಗಟ್ಟಲೆ ಇಂಗಿದ ಮಣ್ಣಿನಲ್ಲಿ ಮನೆ ಕಟ್ಟುವ ಮೊದಲು ಆ ಮಣ್ಣನ್ನು ಪರೀಕ್ಷೆ ಮಾಡಿಸಬೇಕು, ಬೋರ್‌ವೆಲ್ಲಿನ ನೀರನ್ನು ಕುಡಿಯುವ ಮೊದಲು ಅದನ್ನೂ ಪರೀಕ್ಷಿಸಬೇಕು. ಫ್ಲ್ಯಾಟು ಕೊಳ್ಳುವ ಸ್ನೇಹಿತರಿಗೆ ನಾನು ಹೇಳುವ ಮೊದಲ ಮಾತು ಇದು. ಈಜುಕೊಳ ಎಷ್ಟು ಉದ್ದವಿದೆ ಎಂದು ಕೇಳುವವರು, ಇಲ್ಲಿ ಮೊದಲು ಏನು ತಯಾರಾಗುತ್ತಿತ್ತು ಎಂದು ಕೇಳುವುದಿಲ್ಲ.

ಹಳೆಯದೂ ಹೊಸದೂ ಎದುರುಬದುರಾಗುವ ಕಡೆ ನೋವು ಹೆಚ್ಚು. ಕಾಮಾಕ್ಷಿಪಾಳ್ಯದ ಕಡೆ, ಮಾಗಡಿ ರಸ್ತೆಯ ಅಡ್ಡರಸ್ತೆಗಳಲ್ಲಿ, ಇಂದಿಗೂ ಕೆಳಗೆ ಲೇತು, ಮೇಲೆ ಮನೆ ಇರುವ ಕಟ್ಟಡಗಳಿವೆ. ನನಗೆ ಪರಿಚಯವಿರುವ ಒಬ್ಬ ಹಿರಿಯರು ಅಲ್ಲಿ ಮೂವತ್ತೈದು ವರ್ಷದಿಂದ ಪ್ರೆಸ್ ಟೂಲ್, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚುಗಳನ್ನು, ಮಾಡುತ್ತಿದ್ದಾರೆ. ಪಕ್ಕದಲ್ಲಿ ಹೊಸದಾಗಿ ಎದ್ದ ಕಟ್ಟಡದವರು ಸದ್ದಿನ ಬಗ್ಗೆ ದೂರು ಕೊಟ್ಟರು. "ಅವರದ್ದೂ ತಪ್ಪಲ್ಲಪ್ಪ, ಎಳೆ ಮಗು ಇದೆ ಮನೇಲಿ. ಆದ್ರೆ ನಾನು ಬಂದಾಗ ಇಲ್ಲಿ ರಾಗಿ ಹೊಲ ಇತ್ತು" ಎಂದು ಅವರು ನನಗೆ ಹೇಳಿದರು. ಈಗ ಸಂಜೆ ಆರಕ್ಕೆ ಯಂತ್ರ ನಿಲ್ಲಿಸುತ್ತಾರೆ, ತುರ್ತು ಆರ್ಡರುಗಳನ್ನು ಬಿಟ್ಟುಕೊಡುತ್ತಾರೆ. ಮಗನಿಗೆ ಈ ಕೆಲಸದಲ್ಲಿ ಆಸಕ್ತಿಯಿಲ್ಲ. ಅವರ ನಾಲ್ವರು ಕೆಲಸಗಾರರಲ್ಲಿ ಮೂವರು ನಡೆದೇ ಬರುವವರು. ಇಂಥ ಜಾಗಗಳನ್ನು ಪೂರ್ತಿಯಾಗಿ ವಸತಿ ಪ್ರದೇಶವೆಂದು ಘೋಷಿಸಿ ಕೆಲಸವನ್ನು ಹೊರದಬ್ಬುವುದು ಯೋಜನೆಯ ದೃಷ್ಟಿಯಿಂದಲೂ ತಪ್ಪೆಂದು ನಾನು ನಂಬುತ್ತೇನೆ. ವಿಷ ಕಾರುವ ಕೆಲಸ ಮನೆಗಳ ನಡುವೆ ಇರಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಲೇತು, ಒಂದು ಹೊಲಿಗೆ ಘಟಕ, ಒಂದು ಮುದ್ರಣಾಲಯ ಇವು ಬೀದಿಯ ಬದುಕಿನ ಭಾಗ.

ಮುಂಬಯಿಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅಲ್ಲಿ ಕ್ಯಾಂಟೀನು, ಹೋಟೆಲು ನಡೆಸಿದ ಕರಾವಳಿಯ ಕನ್ನಡಿಗರು ಆ ಊರಿನ ಏಳುಬೀಳನ್ನು ಹತ್ತಿರದಿಂದ ಕಂಡವರು. 1982ರ ದೊಡ್ಡ ಮುಷ್ಕರದ ಬಳಿಕ ಗಿರಣಿಗಳು ಮುಚ್ಚುತ್ತ ಬಂದಾಗ, 1991ರಲ್ಲಿ ಅಲ್ಲಿನ ಸರ್ಕಾರ ಒಂದು ನಿಯಮ ತಂದಿತು. ಗಿರಣಿಯ ಜಮೀನಿನಲ್ಲಿ ಮೂರರಲ್ಲಿ ಒಂದು ಪಾಲು ಉದ್ಯಾನ, ಮೈದಾನಗಳಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದ ಪಾಲು ಮಾಲೀಕರಿಗೆ ಎಂಬುದು ಅದರ ತಿರುಳು. 2001ರಲ್ಲಿ ಅದನ್ನು ತಿದ್ದಿ, ಇಡೀ ಜಮೀನಿಗಲ್ಲ, ಕಟ್ಟಡವಿಲ್ಲದ ತೆರೆದ ಜಾಗಕ್ಕೆ ಮಾತ್ರ ಈ ಲೆಕ್ಕ ಎಂದು ಮಾಡಿದರು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಊರಿಗೆ ಸಿಕ್ಕ ಪಾಲು ಬಹಳ ಕುಗ್ಗಿತು. ಆದರೂ ಅಲ್ಲಿ ಒಂದು ಸೂತ್ರವಾದರೂ ಇತ್ತು, ಅದರ ಮೇಲೆ ಊರೇ ವಾದ ಮಾಡಿತು, ಗಿರಣಿ ಕಾರ್ಮಿಕರಿಗೆಂದು ಮನೆಗಳ ಲಾಟರಿಯೂ ನಡೆಯಿತು. ನಮ್ಮಲ್ಲಿ ಒಂದೊಂದು ಜಮೀನೂ ಒಂದೊಂದು ಪ್ರತ್ಯೇಕ ಕಡತವಾಗಿ ತೀರ್ಮಾನವಾಯಿತು. ರಾಜಾಜಿನಗರದ ದೊಡ್ಡ ಜಮೀನುಗಳನ್ನು ಒಟ್ಟಾಗಿ ಕಂಡು, ಇಂತಿಷ್ಟು ಭಾಗ ಇಲ್ಲಿಯೇ ಬಾಡಿಗೆಗಿದ್ದ ದುಡಿಯುವ ಕುಟುಂಬಗಳ ಮನೆಗಳಿಗೆ ಎಂದು ಹೇಳಿದ್ದರೆ, ನಮ್ಮ ವಠಾರದ ಐದು ಕುಟುಂಬಗಳಲ್ಲಿ ಎರಡಾದರೂ ಉಳಿಯುತ್ತಿದ್ದವು.

ಎಲ್ಲವೂ ಮುಗಿದುಹೋಗಿಲ್ಲ. ಮೈಸೂರು ಲ್ಯಾಂಪ್ಸ್ ಮುಚ್ಚಿ ಎರಡು ದಶಕಗಳೇ ಕಳೆದಿವೆ. ಅದರ ಇಪ್ಪತ್ತಕ್ಕೂ ಹೆಚ್ಚು ಎಕರೆ ಜಮೀನು ಸರ್ಕಾರದ ಕೈಯಲ್ಲಿದೆ, ಒಳಗೆ ದೊಡ್ಡ ಮರಗಳು ಬೆಳೆದು ನಿಂತಿವೆ. ಅದನ್ನು ಮಾರದೆ ಸಾರ್ವಜನಿಕರ ಬಳಕೆಗೆ ಉಳಿಸಬೇಕೆಂಬುದು ಸುತ್ತಲಿನ ನಮ್ಮಂಥವರ ಆಸೆ. ಅಲ್ಲಿ ಉದ್ಯಾನ ಬರಲಿ, ಬಲ್ಬು ತಯಾರಾಗುತ್ತಿದ್ದ ಒಂದು ಶೆಡ್ಡನ್ನಾದರೂ ಕೆಡವದೆ ಇಟ್ಟು, ಯಂತ್ರಗಳನ್ನು ಅವು ನಿಂತಿದ್ದ ಜಾಗದಲ್ಲಿಯೇ ನಿಲ್ಲಿಸಿ, ಅದನ್ನು ನಡೆಸಿದವರ ಬಾಯಿಂದಲೇ ವಿವರಣೆ ಬರೆಸಲಿ ಎಂದು ನಾನು ಕೇಳುತ್ತೇನೆ. ಬರೆಸಬಲ್ಲವರು ಈಗ ಎಪ್ಪತ್ತು ದಾಟಿದ್ದಾರೆ, ಹೆಚ್ಚು ಸಮಯವಿಲ್ಲ.

ಸಾಬೂನು ಕಾರ್ಖಾನೆ ಮಾತ್ರ ಅದೇ ಜಾಗದಲ್ಲಿ ನಡೆಯುತ್ತಲೇ ಇದ್ದು, ಮೆಟ್ರೊ ನಿಲ್ದಾಣಕ್ಕೆ 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ' ಎಂಬ ಹೆಸರನ್ನೂ ಕೊಟ್ಟಿದೆ. ಹೋದ ವಾರ ಅಪ್ಪನನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗುವಾಗ ಬೆಳಗಿನ ರೈಲಿನಲ್ಲಿ ಆ ನಿಲ್ದಾಣ ಬಂದಿತು. ಕೈಯಲ್ಲಿ ಊಟದ ಚೀಲ ಹಿಡಿದ ನಾಲ್ಕೈದು ಜನ ಇಳಿದು ಬೇಗಬೇಗನೆ ಮೆಟ್ಟಿಲ ಕಡೆಗೆ ನಡೆದರು. ಅಪ್ಪ ಕೈಗಡಿಯಾರ ನೋಡಿಕೊಂಡು, "ಪಾಳಿಗೆ ಇನ್ನೂ ಹತ್ತು ನಿಮಿಷ ಇದೆ, ಸಿಗುತ್ತೆ ಅವರಿಗೆ" ಎಂದರು.